ನೆರಳಿನ ಪಾಳಿ

ನೆರಳು ಬಲಕ್ಕೆ ಬೀಳಬೇಕಿತ್ತು. ಈ ಒಂದು ಮಾತಿಗೆ ನಾನು ಯಾರ ಜತೆ ಬೇಕಾದರೂ ಜಗಳಕ್ಕೆ ನಿಲ್ಲುವವಳಿದ್ದೆ. ಚಿಕ್ಕವಳಿದ್ದಾಗ ದಿನಾ ಮುಂಜಾನೆ, ಶಾಲೆಯ ಗಂಟೆ ಬಾರಿಸುವ ತನಕ, ತಿಕೋಟಾದ ರಸ್ತೆ ಪಕ್ಕದ ಅಪ್ಪನ ಸೈಕಲ್ ಅಂಗಡಿಯ ಕಟ್ಟೆಯ ಮೇಲೆ ಕೂತು ಎದುರಿಗಿದ್ದ ಬೇವಿನ ಗಿಡವನ್ನು ನೋಡುತ್ತಿದ್ದೆ. ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಅದು ಗಿಡವೇ. ಅದರ ಬುಡಕ್ಕೆ ತಾಗಿಸಿ ಕಟ್ಟಿದ ಮಣ್ಣಿನ ಒಲೆ, ಒಲೆಯ ಬಲಕ್ಕೆ ಚಾಚಿಕೊಂಡ ನೆರಳು, ಆ ನೆರಳಿನಲ್ಲಿ ಗೋಣಿತಟ್ಟಿನ ಮೇಲೆ ಕೂತ ಖಾಲಾ. ಚಹಾ ಮತ್ತು ಚುರಮುರಿ ನೆನೆಸಿ ಒಗ್ಗರಣೆ ಹಾಕಿದ ಸುಸಲಾ ಮಾರುತ್ತಿದ್ದಳು. ಓಣಿಯ ಮಕ್ಕಳೆಲ್ಲ ಆಕೆಯನ್ನು, ಉರ್ದುವಿನಲ್ಲಿ ಚಿಕ್ಕಮ್ಮ ಅನ್ನುವ ಹಾಗೆ, ಖಾಲಾ ಎಂದೇ ಕರೆಯುತ್ತಿದ್ದೆವು. ಆಕೆಗೆ ಬೇರೆ ಹೆಸರು ಇದ್ದೀತು ಎಂದು ನನಗೆ ಹೊಳೆದೂ ಇರಲಿಲ್ಲ. ಸುಸಲಾದ ಮೇಲೆ ಶೇಂಗಾ ಪುಡಿ ಉದುರಿಸಿ, ಹಾಳೆಯಲ್ಲಿ ಹಾಕಿ, ರಸ್ತೆ ದಾಟಬೇಡ ಎಂದು ನನಗೆ ಕೈಸನ್ನೆ ಮಾಡಿ, ತಾನೇ ಎದ್ದು ಬಂದು ಕೊಡುತ್ತಿದ್ದಳು.

ನನ್ನ ಕೈಗೆ ಬಂದ ಫೋಟೋದಲ್ಲಿಯೂ ಅದೇ ಗಿಡ, ಅದೇ ಒಲೆ. ಆದರೆ ನೆರಳು ಎಡಕ್ಕಿತ್ತು. ಖಾಲಾ ಇರಲೇ ಇಲ್ಲ. ಒಲೆಯ ಎಡಕ್ಕೆ ಒಬ್ಬ ಗಂಡಸು ಕೂತು ಭಜಿ ಕರಿದು ಗಿರಾಕಿಗೆ ಕೊಡುತ್ತಿದ್ದ.

ಆ ಗಂಡಸಿನ ಮಗನೇ ನನಗೆ ಕೆಲಸ ಕೊಟ್ಟವರು. ಕಳ್ಳಕವಟಗಿಯ ಕಡೆಯವರು, ದ್ರಾಕ್ಷಿ ತೋಟ ಇದೆ, ಈಗ ವಿಜಯಪುರದಿಂದ ತಿಕೋಟಾಕ್ಕೆ ಬರುವ ರಸ್ತೆಯಲ್ಲಿ ದೊಡ್ಡದೊಂದು ಖಾನಾವಳಿ ಕಟ್ಟಿಸಿದ್ದರು. ಊಟಕ್ಕೆ ಕೂತವರ ಎದುರಿನ ಉದ್ದ ಗೋಡೆಯ ತುಂಬ ಹಳೆಯ ರಸ್ತೆಯ ಚಿತ್ರ ಬೇಕು ಎಂದು ಅವರ ಆಸೆ. ಡಾಂಬರು ಅಗಲವಾಗುವ ಮೊದಲಿನ ರಸ್ತೆ: ಸೈಕಲ್ ಅಂಗಡಿ, ತಗಡಿನ ಕೆಳಗಿನ ಕ್ಷೌರದ ಕುರ್ಚಿ, ಹೊಲಿಗೆ ಯಂತ್ರ ಹೊರಗಿಟ್ಟುಕೊಂಡು ಕೂತ ಟೇಲರ್, ಬಸ್ಸಿನ ದಾರಿ ಕಾಯುವ ಮಂದಿ. ವಿಜಯಪುರದಲ್ಲಿ ಮಕ್ಕಳಿಗೆ ಚಿತ್ರಕಲೆ ಕಲಿಸಿಕೊಂಡು, ನಡುನಡುವೆ ನನ್ನ ಪಾಡಿಗೆ ಚಿತ್ರ ಮಾಡಿಕೊಂಡಿದ್ದ ನನಗೆ ಇಂಥ ಗೋಡೆ ಸಿಕ್ಕರೆ ಕೇಳಬೇಕೆ? ಎಷ್ಟೋ ವರ್ಷದಿಂದ ಆ ರಸ್ತೆ ನನ್ನ ತಲೆಯಲ್ಲಿ ಸಾಲಾಗಿ ನಿಂತಿತ್ತು. ಒಬ್ಬರಾದರೂ ಬಂದು ಕೇಳಲಿ ಎಂದು ಕಾಯುತ್ತಿದ್ದೆ.

"ಅಕ್ಕಾರ, ನಿಮ್ಮ ಮನಸಿಗೆ ಬಂದಂಗ ಮಾಡ್ರಿ. ಒಂದ ಮಾತು, ನಡುವ ಗಿಡ ಇರಬೇಕು, ಗಿಡದ ಬುಡಕ ನಮ್ಮಪ್ಪನ್ನ ತಗೀರಿ," ಎಂದರು ಮಾಲಕರು.

ಈ 'ತಗಿ' ಎಂಬ ಮಾತನ್ನು ಇಲ್ಲೇ ಬಿಡಿಸಿ ಹೇಳಿಬಿಡುತ್ತೇನೆ. ನಮ್ಮ ಕಡೆ ಚಿತ್ರ ಬರೆಯುವುದಕ್ಕೂ ತಗಿಯುವುದು ಅನ್ನುತ್ತಾರೆ, ಇದ್ದದ್ದನ್ನು ಅಳಿಸಿ ಹಾಕುವುದಕ್ಕೂ ತಗಿಯುವುದು ಅನ್ನುತ್ತಾರೆ. ಯಾವುದು ಯಾವುದೆಂದು ಹೇಳುವವರ ಮುಖ ನೋಡಿ ತಿಳಿದುಕೊಳ್ಳಬೇಕು. ಅವತ್ತು ಅವರ ಮುಖದಲ್ಲಿ ನಗೆಯಿತ್ತು, ಹಾಗಾಗಿ ತೊಂದರೆಯಾಗಲಿಲ್ಲ.

ಮೊದಲು ಮಾಲಕರ ತಾಯಿಯನ್ನು ನೋಡಲು ಹೋದೆ. ಹಣೆ ತುಂಬ ವಿಭೂತಿ ಹಚ್ಚಿದ, ಮಾತು ಕಡಿಮೆಯಿರುವ ಮುದುಕಿ. ಗಂಡ ಭಜಿ ಅಂಗಡಿಗೆ ಏನೇನು ಒಯ್ಯುತ್ತಿದ್ದರು ಎಂದು ಕೇಳಿದೆ. ಚಿತ್ರದಲ್ಲಿ ಸಾಮಾನು ತಪ್ಪಬಾರದಲ್ಲ.

"ಏನ ಒಯ್ತಾರ ಯವ್ವಾ? ಕಡಾಯಿ, ಝಾರಿ, ಎಣ್ಣಿ ಡಬ್ಬಿ. ಕಡ್ಲಿ ಹಿಟ್ಟು ನಾನ ಸೋಸಿ ಕೊಡತಿದ್ದೆ. ಮೆಣಸಿನಕಾಯಿ ಸೀಳಿ ಕೊಡತಿದ್ದೆ. ಸೈಕಲ್ಲಿಗೆ ಕಟಗೊಂಡು ಹೋಗವ್ರು. ಕಡ್ಡಿಪೆಟ್ಟಿಗಿ ಅಂದ್ರ ಮಾತ್ರ ಬ್ಯಾಡ ಅನ್ನವ್ರು. ಮರತಾರೇನೋ ಅಂತ ಕಿಸೇದಾಗ ಹಾಕಿದ್ರೂ ತಗದು ಇಟ್ಟು ಹೋಗವ್ರು."

"ಯಾಕ್ರಿ?"

"ಅಲ್ಲೆ ಬೆಂಕಿ ಇರತೈತಿ ಅನ್ನವ್ರು. ರೋಡಿನ ಮ್ಯಾಲೆ ಬೆಂಕಿ ಎಲ್ಲಿಂದ ಬರತೈತಿ? ಬೀಡಿ ಸೇದವರ ಕಡೆ ಇಸಗೊಳ್ತಿರಬೇಕು ಅಂತ ನಾನ ತಿಳಕೊಂಡೆ."

ನಾನು ಕಡಾಯಿಯನ್ನೂ ಭಜಿ ಎತ್ತುವ ತೂತಿನ ಸೌಟಾದ ಝಾರಿಯನ್ನೂ ಮನಸ್ಸಿನಲ್ಲಿಟ್ಟುಕೊಂಡೆ. ಕಡ್ಡಿಪೆಟ್ಟಿಗೆಯ ಮಾತನ್ನು ಅಲ್ಲೇ ಬಿಟ್ಟು ಬಂದೆ. ಚಿತ್ರಕ್ಕೆ ಅದರಿಂದ ಏನಾಗಬೇಕು? ಆ ತಾಯಿ ಟ್ರಂಕಿನಿಂದ ತೆಗೆದು ಕೊಟ್ಟದ್ದೇ ಆ ಫೋಟೋ. ಅವರ ಮನೆಯಲ್ಲಿ ಆತನದ್ದು ಎಂದು ಉಳಿದದ್ದು ಅದೊಂದೇ.

ಗೋಡೆಯ ಕೆಲಸ ಶುರುವಾಯಿತು. ಹೊಸ ಪ್ಲಾಸ್ಟರಿಗೆ ಎರಡು ಸಲ ಪುಟ್ಟಿ ಹಚ್ಚಿಸಿ, ಪಾಲಿಶ್ ಕಾಗದದಿಂದ ತಿಕ್ಕಿಸಿ, ಪ್ರೈಮರ್ ಕೊಟ್ಟು ಒಣಗಲು ಬಿಟ್ಟೆ. ನೀಲಿ ಪುಡಿ ಹಚ್ಚಿದ ದಾರವನ್ನು ಮೊಳೆಯಿಂದ ಮೊಳೆಗೆ ಬಿಗಿದು ಚಟ್ಟನೆ ಬಿಟ್ಟರೆ ಗೋಡೆಯ ಮೇಲೆ ನೇರ ಗೆರೆ ಮೂಡುತ್ತದೆ. ಹಾಗೆ ಅಡ್ಡ, ಉದ್ದ ಹೊಡೆದು ಚೌಕ ಹಾಕಿಕೊಂಡೆ. ಮನೆಯಲ್ಲಿ ಮಾಡಿದ ಸಣ್ಣ ಚಿತ್ರವನ್ನು ಚೌಕಕ್ಕೆ ಚೌಕ ಹೊಂದಿಸಿ ಇದ್ದಿಲಿನಿಂದ ಇಳಿಸಿದೆ. ನಡುವೆ ಗಿಡ, ಗಿಡದ ಬುಡಕ್ಕೆ ಒಲೆ. ಒಲೆಯ ಬಲಕ್ಕೆ, ಕೈ ತನ್ನಷ್ಟಕ್ಕೇ ಹೋಗಿ, ಖಾಲಾನನ್ನು ಬರೆದುಬಿಟ್ಟಿತು.

ಮಾಲಕರು ಬಂದು ಹಿಂದೆ ನಿಂತರು. "ಈ ಹೆಣಮಗಳು ಯಾರ್ರಿ?"

"ಚಾ ಮಾರೂ ಖಾಲಾ ರೀ. ಗಿಡದ ಬುಡಕ ಕೂಡ್ತಿದ್ದಳಲ್ಲ."

"ಇಲ್ಲ ಬಿಡ್ರಿ. ಆ ಒಲಿ ನಮ್ಮಪ್ಪಂದು. ನಾ ಸಾಲಿ ಬಿಟ್ಟ ಕೂಡಲೆ ಅಲ್ಲೇ ಇರತಿದ್ದೆ. ಬ್ಯಾರೆ ಯಾರನೂ ನಾ ನೋಡಿಲ್ಲ."

"ನಾನೂ ಅಲ್ಲೇ ಇರತಿದ್ದೆರಿ. ನಮ್ಮ ಅಂಗಡಿ ಎದುರಿಗೇ ಇತ್ತು. ನಿಮ್ಮಪ್ಪನ್ನ ನಾ ನೋಡಿದ ನೆನಪ ಇಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರು ಸುಳ್ಳು ಹೇಳುವ ಮನುಷ್ಯ ಅಲ್ಲ. ನಾನೂ ಅಲ್ಲ ಎಂದೇ ನನ್ನ ನಂಬಿಕೆ. ಒಂದೇ ರಸ್ತೆ, ಒಂದೇ ಗಿಡ, ಒಂದೇ ಒಲೆ. ಅವರ ಅಪ್ಪ ನನಗೆ ಕಂಡಿಲ್ಲ, ನನ್ನ ಖಾಲಾ ಅವರಿಗೆ ಕಂಡಿಲ್ಲ. ಇದೆಂಥ ಮಾಟ!

ಮನೆಗೆ ಬಂದು ಫೋಟೋವನ್ನು ಮತ್ತೆ ಮತ್ತೆ ನೋಡಿದೆ. ನಮ್ಮ ಅಂಗಡಿಯ ಕಡೆಯಿಂದಲೇ ತೆಗೆದದ್ದು. ನೆರಳು ಮಾತ್ರ ತಪ್ಪು ಕಡೆಗೆ. ತಟ್ಟನೆ ಒಂದು ವಿಚಾರ ಹೊಳೆಯಿತು: ಹಿಂದೆ ರೀಲಿನ ಕಾಲದಲ್ಲಿ ಕೆಲವು ಸಲ ನೆಗೆಟಿವ್ ತಿರುವುಮುರುವಾಗಿ ಇಟ್ಟು ಪ್ರಿಂಟ್ ಹಾಕಿಬಿಡುತ್ತಿದ್ದರು. ಫೋಟೋದಲ್ಲಿ ಒಂದಾದರೂ ಬೋರ್ಡು, ಅಕ್ಷರ ಇದ್ದಿದ್ದರೆ ಗೊತ್ತಾಗುತ್ತಿತ್ತು. ಇರಲಿಲ್ಲ. ಆತ ಬನಿಯನ್ನಿನಲ್ಲಿದ್ದ, ಗುಂಡಿ ಯಾವ ಕಡೆ ಎಂದು ನೋಡಲಿಕ್ಕೆ ಅಂಗಿಯೂ ಇಲ್ಲ. ಸೊಲ್ಲಾಪುರ ರಸ್ತೆಯ ಫೋಟೋ ಸ್ಟುಡಿಯೋಕ್ಕೆ ಹೋಗಿ ಕೇಳಿದೆ.

"ಆಗ್ತಿದ್ದವು ಮೇಡಂ, ಹಿಂದಕ ಬಾಳ ಆಗ್ತಿದ್ದವು," ಎಂದ ಸ್ಟುಡಿಯೋದವನು. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ಫೋಟೋವನ್ನು ಹೊರಳಿಸಿದ. ನೆರಳು ಬಲಕ್ಕೆ ಬಂತು. ನನ್ನ ಎದೆ ಹಗುರಾಯಿತು. ನೆನಪು ಗೆದ್ದಿತು, ಫೋಟೋ ಸೋತಿತು ಎಂದು ಬಸ್ಸಿನಲ್ಲಿ ಒಬ್ಬಳೇ ನಕ್ಕೆ.

ಹೊರಳಿಸಿದ ಫೋಟೋ ನೋಡಿಕೊಂಡು ಭಜಿಯವನನ್ನು ಒಲೆಯ ಬಲಕ್ಕೆ ಕೂಡಿಸಿದೆ. ಖಾಲಾನ ಜಾಗಕ್ಕೆ ಆತ ಬಂದದ್ದರಿಂದ ಆಕೆಯನ್ನು ನೆರಳಿನ ಅಂಚಿಗೆ ಸರಿಸಬೇಕಾಯಿತು. ಒಲೆಯಿಂದ ಅಷ್ಟು ದೂರ ಕೂತು ಚಹಾ ಹೇಗೆ ಮಾಡುತ್ತಾಳೋ ನನಗೂ ತಿಳಿಯಲಿಲ್ಲ. ಆಮೇಲೆ ನೋಡೋಣ ಎಂದು ಆಕೆಯನ್ನು ಇದ್ದಿಲಿನ ಗೆರೆಯಲ್ಲೇ ಬಿಟ್ಟು, ಆತನಿಗೆ ಬಣ್ಣ ತುಂಬಿದೆ. ನಮ್ಮ ಬಿಸಿಲಿಗೆ ಅಕ್ರಿಲಿಕ್ ಬಣ್ಣ ತಟ್ಟೆಯಲ್ಲೇ ಒಣಗುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿಕೊಂಡು, ನಡುನಡುವೆ ನೀರು ಚಿಮುಕಿಸಿಕೊಂಡು ಮಾಡಿದೆ. ಎಣ್ಣೆಯ ಹೊಳಪು, ಬೆವರಿದ ಭುಜ, ಗಿರಾಕಿಗೆ ಹಾಳೆಯಲ್ಲಿ ಭಜಿ ಕೊಡುತ್ತ ಚಾಚಿದ ಕೈ. ಆ ಕೈ ಚೆನ್ನಾಗಿ ಬಂದಿದೆ ಎಂದು ನನಗೇ ಜಂಬವಾಯಿತು.

ಮಾಲಕರು ಖುಷಿಯಿಂದ ತಾಯಿಯನ್ನು ಕರೆದುಕೊಂಡು ಬಂದರು. ಆ ತಾಯಿ ಗೋಡೆಯ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಅಳುತ್ತಾರೇನೋ ಎಂದುಕೊಂಡೆ. ಅತ್ತರು, ಆದರೆ ನಾನು ಎಣಿಸಿದ ಅಳು ಅದಾಗಿರಲಿಲ್ಲ.

"ನಮ್ಮವ್ರು ಎಡಗೈಲೆ ಯಾರಿಗೂ ತುತ್ತ ಕೊಟ್ಟವರಲ್ಲ. ನಾಯಿಗಿ ರೊಟ್ಟಿ ಹಾಕಿದ್ರೂ ಬಲಗೈಲೆ ಹಾಕವ್ರು. ಯಾಕವ್ವಾ ಹಿಂಗ ಮಾಡಿ?"

ನೋಡಿದೆ. ಝಾರಿ ಬಲಗೈಯಲ್ಲಿತ್ತು. ಭಜಿಯ ಹಾಳೆ ಎಡಗೈಯಲ್ಲಿತ್ತು. ಫೋಟೋ ಹೊರಳಿಸಿದಾಗ ಮನುಷ್ಯನೂ ಹೊರಳಿದ್ದ. ನೆರಳೊಂದನ್ನೇ ನೋಡುತ್ತಿದ್ದ ನನ್ನ ಕಣ್ಣಿಗೆ ಕೈ ಕಂಡಿರಲಿಲ್ಲ. ಇಷ್ಟು ದೊಡ್ಡ ಗೋಡೆಯ ಮೇಲೆ, ಊಟಕ್ಕೆ ಬಂದವರ ಎದುರು, ಆ ಮನುಷ್ಯ ಲೋಕಕ್ಕೆಲ್ಲ ಎಡಗೈಯಿಂದ ತಿನ್ನಲು ಕೊಡುತ್ತಿದ್ದ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು.

"ಇದನ್ನ ತಗೀರಿ," ಎಂದರು ಮಾಲಕರು. ಈ ಸಲ ಮುಖದಲ್ಲಿ ನಗೆಯಿರಲಿಲ್ಲ.

ಅವತ್ತೇ ಆತನ ಮೇಲೆ ಪ್ರೈಮರ್ ಹೊಡೆದೆ. ಅಲ್ಲಿಗೆ ಫೋಟೋ ಸರಿಯೆಂದಾಯಿತು. ಫೋಟೋ ಸರಿಯಾದರೆ ನೆರಳು ಎಡಕ್ಕೇ ಬೀಳಬೇಕು. ನೆರಳು ಎಡಕ್ಕೆ ಬಿದ್ದರೆ ಬಲಕ್ಕೆ ಬಿಸಿಲು. ನಮ್ಮ ಕಡೆಯ ಬಿಸಿಲಿನಲ್ಲಿ, ಒಲೆಯ ಮುಂದೆ, ಒಬ್ಬ ಹೆಂಗಸು ದಿನಾ ಕೂತು ಚಹಾ ಕಾಯಿಸಿದಳು ಎಂದರೆ ಯಾರು ನಂಬುತ್ತಾರೆ? ಹಾಗಾದರೆ ಖಾಲಾ ಎಲ್ಲಿದ್ದಳು? ಬೇರೆ ಯಾವುದೋ ಗಿಡದ ಕೆಳಗೆ ಕಂಡವಳನ್ನು ನಾನೇ ತಂದು ಇಲ್ಲಿ ಕೂಡಿಸಿದೆನೇ? ಸುಸಲಾದ ರುಚಿಯೂ ನಾನೇ ಕಟ್ಟಿಕೊಂಡದ್ದೇ? ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ. ಪರಾಂಬರಿಸಲು ಹೋಗಿ ತಲೆ ಮೊಸರು ಗಡಿಗೆಯಾಯಿತು.

ಅಪ್ಪ ಇದ್ದಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಅವರು ಇಲ್ಲ, ಅಂಗಡಿಯಲ್ಲಿರುತ್ತಿದ್ದ ಅಣ್ಣಂದಿರೂ ಈಗ ಇಲ್ಲ. ತಿಕೋಟಾದಲ್ಲಿ ಹಳಬರನ್ನು ಕೇಳುತ್ತ ತಿರುಗಿದೆ. ಒಬ್ಬರು ಖಾಲಾ ಬಸ್‌ಸ್ಟ್ಯಾಂಡಿನಲ್ಲಿ ಇರುತ್ತಿದ್ದಳು ಎಂದರು. ಇನ್ನೊಬ್ಬರು ಅಲ್ಲಿದ್ದದ್ದು ಬೇವಿನ ಗಿಡವೇ ಅಲ್ಲ, ಹುಣಸೆ ಎಂದು ಆಣೆ ಮಾಡಿದರು. ರಸ್ತೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಟೇಲರ್ ಈಗ ಮನೆಯಲ್ಲೇ ಇರುತ್ತಾರೆ, ಅವರಲ್ಲಿಗೂ ಹೋದೆ.

"ಆ ಗಿಡದ ಬುಡಕ ಚಾ ಕುಡದಿದ್ದೂ ಖರೇ, ಭಜಿ ತಿಂದಿದ್ದೂ ಖರೇ," ಎಂದರು ಅವರು. "ಯಾರ ಕೊಟ್ಟರು ಅಂತ ಯಾವ ಮಗಾ ನೋಡ್ತಾನ್ರಿ? ಕೈಯಾಗಿಂದು ನೋಡೂದು, ಬಾಯಾಗ ಹಾಕ್ಕೊಳ್ಳೂದು."

ಅವರ ಹೆಂಡತಿ ಒಳಗಿನಿಂದಲೇ ಕೂಗಿ ಹೇಳಿದರು: "ಖಾಲಾ ಇನ್ನೂ ಅದಾಳ ತಂಗಿ. ಮಗಳ ಮನ್ಯಾಗ, ಜೈನಾಪುರದಾಗ. ಆದ್ರ ಆಕೀಗಿ ಈಗ ನೆನಪ ಇಲ್ಲಂತ."

ಮರುದಿನ ಭಜಿಯವನನ್ನು ಫೋಟೋದಲ್ಲಿದ್ದಂತೆಯೇ ಒಲೆಯ ಎಡಕ್ಕೆ ಕೂಡಿಸಿ, ಬಲಗೈಯಿಂದ ಭಜಿ ಕೊಡಿಸಿ, ನೆರಳನ್ನು ಎಡಕ್ಕೆ ಎಳೆದೆ. ಚಿತ್ರ ನೇರವಾಯಿತು. ಬಲಕ್ಕೆ ಬಿಸಿಲಿನಲ್ಲಿ ಖಾಲಾನ ಇದ್ದಿಲು ಗೆರೆ ಮಾತ್ರ ಪರದೇಶಿಯ ಹಾಗೆ ಉಳಿಯಿತು. ಖಾನಾವಳಿಯ ಪೂಜೆ ಹತ್ತಿರ ಬಂದಿತ್ತು.

"ಅಕ್ಕಾರ, ನಿಮಗ ಬ್ಯಾಸರ ಮಾಡಬೇಕಂತಲ್ಲ," ಮಾಲಕರು ಮೆತ್ತಗೆ ಹೇಳಿದರು. "ಎರಡ ಸಲ ನೋಡಿದ್ವಿ, ಕೂಡಲಿಲ್ಲ. ಆ ಹೆಣಮಗಳನ್ನ ತಗದ ಬಿಡ್ರಿ."

ಬಟ್ಟೆ ಒದ್ದೆ ಮಾಡಿಕೊಂಡು ಗೋಡೆಯ ಹತ್ತಿರ ಹೋದೆ. ಇದ್ದಿಲು, ಒಂದು ಸಲ ಒರೆಸಿದರೆ ಮುಗಿಯಿತು. ಭಜಿಯವನಿಗೆ ಫೋಟೋ ಇದೆ, ಟ್ರಂಕು ಇದೆ, ಖಾನಾವಳಿ ಕಟ್ಟಿದ ಮಗ ಇದ್ದಾನೆ. ಈಕೆಗೆ ಈ ಗೆರೆ ಬಿಟ್ಟರೆ ಏನಿದೆ? ಒರೆಸಿದರೆ ಆಕೆ ಅಲ್ಲಿರಲಿಲ್ಲ ಎಂದು ನಾನೇ ಸಹಿ ಹಾಕಿದಂತೆ. ನನ್ನ ಬಾಲ್ಯವೂ ಆಕೆಯ ಜತೆಗೇ ಹೋಗುತ್ತದೆ ಎಂದು ಹೆದರಿಕೆಯಾಯಿತು. ಬಟ್ಟೆಯನ್ನು ಬಕೇಟಿಗೆ ಎಸೆದು, ನಾಳೆ ಬರುವುದಿಲ್ಲ ಎಂದು ಹೇಳಿ ಹೊರಟೆ.

ವಿಜಯಪುರದಿಂದ ಬಬಲೇಶ್ವರಕ್ಕೆ ಬಸ್ಸು, ಅಲ್ಲಿಂದ ಟಂಟಂ ಆಟೋ ಹಿಡಿದು ಜೈನಾಪುರ. ಮನೆ ಹುಡುಕಲು ಕಷ್ಟವಾಗಲಿಲ್ಲ. ಖಾಲಾ ಬಾಗಿಲ ಹೊರಗೆ ಹಗ್ಗ ಹೆಣೆದ ಹೊರಸಿನ ಮೇಲೆ ಕೂತಿದ್ದಳು. ಮೈ ಸಣ್ಣದಾಗಿತ್ತು, ಮೂಗಿನ ಮೇಲಿನ ಮಚ್ಚೆಯಿಂದ ಗುರುತು ಹಿಡಿದೆ. ಕಾಲು ಮುಟ್ಟಿದೆ. ತಲೆ ಸವರಿ, "ಸಾಲಿ ಬಿಟ್ಟಿತೇನ ಬೇಟಿ?" ಎಂದಳು. ಗುರುತು ಹಿಡಿದಳೆಂದು ಹತ್ತಿರ ಸರಿದು ಕೂತೆ. ಆದರೆ ಹಿಂದಿನಿಂದ ಬಂದ ಪಕ್ಕದ ಮನೆಯ ಮುದುಕನಿಗೂ ಅದನ್ನೇ ಕೇಳಿದಳು.

ತಿಕೋಟಾ, ಬೇವಿನ ಗಿಡ, ಸೈಕಲ್ ಅಂಗಡಿ, ಭಜಿ ಮಾರುವವನು, ಒಂದೊಂದೇ ಹೇಳಿ ನೋಡಿದೆ. ಎಲ್ಲಕ್ಕೂ ಹೌದು ಅಂದಳು. ಅಲ್ಲಿ ಯಾವ ಭಜಿಯವನೂ ಇರಲಿಲ್ಲ ಅಲ್ಲವೇ ಎಂದು ಹೊರಳಿಸಿ ಕೇಳಿದೆ. ಅದಕ್ಕೂ ಹೌದು ಅಂದಳು. ಎಲ್ಲಿಗೆ ಬಂದು ಯಾರನ್ನು ಸಾಕ್ಷಿ ಕೇಳುತ್ತಿದ್ದೇನೆ ಎಂದು ನನ್ನ ಮೇಲೇ ಸಿಟ್ಟು ಬಂತು.

ಹೊತ್ತು ನಡುನೆತ್ತಿ ದಾಟಿ, ಖಾಲಾ ಕೂತಲ್ಲಿಗೆ ಬಿಸಿಲು ಬಂದಿತ್ತು. ಮಗಳು ಬಂದು ತಾಯಿಯನ್ನು ಎಬ್ಬಿಸಿ, ಹೊರಸನ್ನು ಎಳೆದು ಬಾಗಿಲಿನ ಆಚೆ ಬದಿಗೆ ಹಾಕಿದಳು. ನಾನೂ ಮಂಚದ ಒಂದು ಕಾಲು ಹಿಡಿದೆ.

"ದಿನಾ ಇದ ಉದ್ಯೋಗರಿ," ಎಂದು ನಕ್ಕಳು ಮಗಳು. "ಮುಂಜಾನಿ ಈ ಬಾಜೂ ನೆರಳು, ಮಧ್ಯಾಹ್ನದ ಮ್ಯಾಲೆ ಆ ಬಾಜೂ. ಮನಿಯೊಳಗ ಕೂಡು ಅಂದ್ರ ಕೇಳೂದಿಲ್ಲ."

ಸ್ನಾನದ ನೀರು ಕಾಯಿಸಿದ ಒಲೆ ಅಂಗಳದ ಮೂಲೆಯಲ್ಲಿತ್ತು. ಮಗಳು ತಂಬಿಗೆಯಲ್ಲಿ ನೀರು ತಂದು ಕೆಂಡದ ಮೇಲೆ ಹಾಕಲು ಹೋದಳು. ಅಲ್ಲಿಯ ತನಕ ಮೆಲ್ಲಗೆ ಮಾತಾಡುತ್ತಿದ್ದ ಖಾಲಾ ಒಮ್ಮೆಲೇ ಚೀರಿದಳು:

"ನೀರ ಹಾಕಬ್ಯಾಡ ಬೇ! ಬೂದಿ ಮುಚ್ಚ! ಸಂಜೀದಾಂವ ಬರತಾನ, ಅವಗ ಬೆಂಕಿ ಬೇಕು!"

"ಯಾರ್ರಿ ಸಂಜೀದಾಂವ?" ಎಂದೆ.

"ಯಾರೂ ಇಲ್ಲರಿ," ಮಗಳು ದನಿ ಇಳಿಸಿದಳು. "ದಿನಾ ಹಿಂಗ ಒದರತಾಳ. ನಂದು ಮುಂಜಾನಿ ಪಾಳಿ, ಅವಂದು ಸಂಜಿ ಪಾಳಿ ಅಂತಾಳ. ಯಾವ ಪಾಳಿನೋ, ಯಾವಾಂವನೋ. ವಯಸ್ಸಾತಲ್ಲರಿ, ಏನೇನೋ ಕಾಣಸ್ತೈತಿ." ಹೇಳುತ್ತಲೇ ನೀರಿನ ತಂಬಿಗೆ ಕೆಳಗಿಟ್ಟು, ತಾಯಿಯ ಸಮಾಧಾನಕ್ಕೆ ಬೂದಿ ಎಳೆದು ಕೆಂಡ ಮುಚ್ಚಿದಳು. ಖಾಲಾ ಕೂತಲ್ಲಿಂದಲೇ ಬಗ್ಗಿ ನೋಡಿ, ಸರಿಯಾಯಿತು ಎನ್ನುವಂತೆ ತಲೆಯಾಡಿಸಿದಳು.

ನಾನು ಹೊರಸಿನ ಹಳೆಯ ಜಾಗವನ್ನು ನೋಡಿದೆ, ಹೊಸ ಜಾಗವನ್ನು ನೋಡಿದೆ. ಒಂದೇ ಬಾಗಿಲು, ಮುಂಜಾನೆಯ ನೆರಳು ಒಂದು ಕಡೆ, ಸಂಜೆಯ ನೆರಳು ಇನ್ನೊಂದು ಕಡೆ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಬೆಳಕು ನೆರಳು ಕಲಿಸುವವಳು ನಾನು. ಸೂರ್ಯ ಸಂಜೆಯಾದರೆ ಪಡುವಣಕ್ಕೆ ಹೋಗುತ್ತಾನೆ ಎಂಬುದನ್ನು ಬೇವಿನ ಗಿಡದ ವಿಷಯದಲ್ಲಿ ಮಾತ್ರ ಮರೆತಿದ್ದೆ.

ಯಾಕೆ ಮರೆತೆ ಎಂಬುದು ಟಂಟಂನಲ್ಲಿ ಕೂತಾಗ ತಿಳಿಯಿತು. ನಾನು ಆ ರಸ್ತೆಯ ಸಂಜೆಯನ್ನು ನೋಡಿಯೇ ಇರಲಿಲ್ಲ. "ಹೊತ್ತ ಇಳದ ಮ್ಯಾಲೆ ಹೆಣ್ಣ ಹುಡುಗ್ಯಾರು ರೋಡಿಗಿ ಹಾಯಬಾರದು," ಎಂದು ಅವ್ವ ಹಾಕಿದ ಕಟ್ಟು. ಶಾಲೆ ಬಿಟ್ಟರೆ ಹಿತ್ತಲ ಓಣಿಯಿಂದ ನೇರ ಮನೆ. ಅಣ್ಣಂದಿರು ಅಂಗಡಿಗೆ ಹೋಗುತ್ತಿದ್ದರು, ರಾತ್ರಿ ಬರುವಾಗ ಅವರ ಬೆರಳಿಗೆ ಎಣ್ಣೆಯ ವಾಸನೆ ಇರುತ್ತಿತ್ತು. ಅದು ಭಜಿಯ ವಾಸನೆ ಎಂದು ಈಗ ಗೊತ್ತಾಯಿತು. ಮಾಲಕರದು ಇದರ ಉಲ್ಟಾ: ಮುಂಜಾನೆ ತಮ್ಮ ಊರಿನಲ್ಲಿ ಹೊಲ, ಶಾಲೆ, ಅಪ್ಪನ ಹತ್ತಿರ ಬರುತ್ತಿದ್ದದ್ದು ಸಂಜೆಗೇ. ಅರ್ಧ ದಿನ ನನ್ನದು, ಅರ್ಧ ದಿನ ಅವರದು. ಇಬ್ಬರೂ ಇಡೀ ರಸ್ತೆ ತಮ್ಮದೆಂದು ಜಗಳಾಡಿದ್ದೆವು. ನಗುವೂ ಬಂತು, ಅವ್ವನ ಮೇಲೆ ಸಿಟ್ಟೂ ಬಂತು. ಎಷ್ಟು ಸಂಜೆಗಳನ್ನು ನನ್ನಿಂದ ಕಿತ್ತಿಟ್ಟುಕೊಂಡಿದ್ದಳು!

ಗೋಡೆಗೆ ಮರಳಿ ಬಂದರೂ ಗೊಂದಲ ಮುಗಿಯಲಿಲ್ಲ. ವಿಷಯ ತಿಳಿಯಿತು, ಚಿತ್ರ ಹೇಗೆ? ಮುಂಜಾನೆ ಮಾಡಿದರೆ ಅವರ ಅಪ್ಪ ಇಲ್ಲ, ಸಂಜೆ ಮಾಡಿದರೆ ಖಾಲಾ ಇಲ್ಲ. ಅತ್ತ ದರಿ, ಇತ್ತ ಪುಲಿ. ನಡುವೆ ಒಂದು ಗೆರೆ ಎಳೆದು ಎರಡು ಚಿತ್ರ ಮಾಡಬಹುದಿತ್ತು; ಆಗ ಒಲೆಯೂ ಎರಡಾಗುತ್ತಿತ್ತು. ಒಲೆ ಒಂದೇ ಇರಬೇಕು ಎಂಬುದಷ್ಟೇ ನನಗೆ ಗಟ್ಟಿಯಾಗಿ ಗೊತ್ತಿತ್ತು. ಕೊನೆಗೆ ಧೈರ್ಯ ಮಾಡಿ ಗಿಡಕ್ಕೆ ಎರಡು ನೆರಳು ಹಾಕಿದೆ. ಎಡಕ್ಕೆ ಸಂಜೆಯದು, ಕಂದು ಕೆಂಪು ಬೆರೆಸಿ. ಬಲಕ್ಕೆ ಮುಂಜಾನೆಯದು, ನೀಲಿ ಬೂದು ಬೆರೆಸಿ. ಕಾಂಡದ ಎರಡೂ ಅಂಚಿಗೆ ಬೆಳಕು ಕೊಟ್ಟು ನಡುವೆ ಕಪ್ಪು ಉಳಿಸಿದೆ. ನನ್ನ ವಿದ್ಯಾರ್ಥಿ ಯಾರಾದರೂ ಪರೀಕ್ಷೆಯಲ್ಲಿ ಹೀಗೆ ಮಾಡಿದ್ದರೆ ಕೆಂಪು ಪೆನ್ನು ಹಿಡಿದು ಅಡ್ಡಗೆರೆ ಎಳೆಯುತ್ತಿದ್ದೆ. ಒಲೆಯ ಬಾಯಿಗೆ ಬೂದಿ ಬಣ್ಣ ಹಚ್ಚಿ, ಬೂದಿಯೊಳಗೆ ಒಂದೇ ಒಂದು ಚುಕ್ಕೆ ಕೆಂಪು ಇಟ್ಟೆ. ಖಾಲಾನನ್ನು ಒಲೆಯ ಹತ್ತಿರಕ್ಕೆ, ಬಲಗಡೆಯ ನೆರಳಿಗೆ ತಂದು ಕೂಡಿಸಿದೆ. ಇದ್ದಿಲಿನ ಗೆರೆ ಮಾತ್ರ. ಒಪ್ಪಿಗೆಯಿಲ್ಲದೆ ಬಣ್ಣ ತುಂಬುವ ಹಕ್ಕು ನನಗಿರಲಿಲ್ಲ.

ಮಾಲಕರು ನೋಡಿ ತಲೆ ಕೆರೆದುಕೊಂಡರು. "ಗಿಡ ಒಂದು, ನೆರಳ ಎರಡು? ಮಂದಿ ನಗತಾರ್ರಿ ಅಕ್ಕಾರ. ನೆನಪ ಇಲ್ಲದ ಮುದುಕಿ ಮಾತ ಕಟಗೊಂಡು ಇಷ್ಟೆಲ್ಲ ಮಾಡೂದ?"

ಅವರು ಹೇಳಿದ್ದು ತಪ್ಪೇನಲ್ಲ. ಸಂಜೀದಾಂವ ಎಂದರೆ ಅವರ ಅಪ್ಪನೇ ಎಂದು ಖಾಲಾ ಎಲ್ಲಿ ಹೇಳಿದ್ದಳು? ಎಡಗೈ ಮಾಡಿದವಳು ಈಗ ಇನ್ನೇನು ಅನಾಹುತ ಮಾಡಿದ್ದೇನೋ ಎಂದು ಅಳುಕುತ್ತಲೇ, "ಅವ್ವಾರನ್ನ ಒಂದ ಸಲ ಕರೀರಿ. ಅವರು ಬ್ಯಾಡ ಅಂದ್ರ ನಾನ ಅಳಸತೇನಿ," ಎಂದೆ.

ತಾಯಿ ಬಂದರು. ಮೊದಲು ಗಂಡನ ಕೈ ನೋಡಿದರು, ಬಲಗೈ. ಆಮೇಲೆ ಒಲೆ. ಆಮೇಲೆ ಖಾಲಾನ ಗೆರೆ. ಈಕೆ ಯಾರು ಎಂದು ಕೇಳಿದರು. ಜೈನಾಪುರದಲ್ಲಿ ಕಂಡದ್ದನ್ನೆಲ್ಲ ಹೇಳಿದೆ, ಕೆಂಡಕ್ಕೆ ನೀರು ಹಾಕಲು ಹೋದಾಗ ಖಾಲಾ ಚೀರಿದ್ದನ್ನೂ ಹೇಳಿದೆ. ಸಂಜೀದಾಂವನಿಗೆ ಬೆಂಕಿ ಬೇಕು ಎಂಬ ಮಾತಿಗೆ ಬಂದಾಗ ಆ ತಾಯಿ ಸೆರಗನ್ನು ಬಾಯಿಗೆ ಹಿಡಿದುಕೊಂಡರು. ಗಂಡನ ದಿನಗಳಲ್ಲಿ ತನಗೆ ತಿಳಿಯದ ಹೆಂಗಸೊಬ್ಬಳು ಇದ್ದದ್ದು ಅವರಿಗೆ ಹೇಗಾಯಿತೋ ಎಂದು ನನಗೆ ದಿಗಿಲಾಯಿತು.

"ಕಡ್ಡಿಪೆಟ್ಟಿಗಿ," ಎಂದರು ಕೊನೆಗೆ, ಮಗನ ಕಡೆ ತಿರುಗಿ. "ಎಷ್ಟ ಸಲ ಜಗಳಾಡೇನಿ ನಿಮ್ಮಪ್ಪನ ಕೂಡ. ಅಲ್ಲೆ ಬೆಂಕಿ ಇರತೈತಿ, ಅಲ್ಲೆ ಬೆಂಕಿ ಇರತೈತಿ ಅನ್ನವ್ರು. ಯಾರ ಇಟ್ಟಿರತಾರ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ." ಮತ್ತೆ ಗೋಡೆಗೆ ತಿರುಗಿ, ಖಾಲಾನ ಕಡೆ ಕೈ ಮಾಡಿ, "ಆಕಿನ್ನ ತಗಿ," ಎಂದರು.

ಸರಿ, ಅವರ ಗೋಡೆ, ಅವರ ಗಂಡ. ಬಕೇಟಿನಿಂದ ಒದ್ದೆ ಬಟ್ಟೆ ಹಿಂಡಿಕೊಂಡು ಗೋಡೆಗೆ ಕೈ ಹಚ್ಚಿದೆ. ಆ ಮುದುಕಿ ನನ್ನ ರಟ್ಟೆ ಹಿಡಿದರು. ಅಷ್ಟು ಬಿಗಿ ಹಿಡಿತ ಅವರದೆಂದು ನಾನು ಎಣಿಸಿರಲಿಲ್ಲ.

"ಏ ಹುಚ್ಚಿ! ಒರಸಬ್ಯಾಡ. ತಗಿ ಅಂದೆ. ಬಣ್ಣ ಹಾಕಿ, ಸೀರಿ ಗೀರಿ ಉಡಿಸಿ, ಛಂದಾಗಿ ತಗಿ."

ಮಾಲಕರು ಜೋರಾಗಿ ನಕ್ಕುಬಿಟ್ಟರು. ನಾನು ಬಟ್ಟೆ ಹಿಡಿದುಕೊಂಡೇ ನೆಲದ ಮೇಲೆ ಕೂತೆ. ಅಳು ಬಂದದ್ದನ್ನು ಮುಚ್ಚಿಕೊಳ್ಳಲಿಲ್ಲ. ತಾಯಿ ಹೊರಟವರು ಬಾಗಿಲ ತನಕ ಹೋಗಿ ಮತ್ತೆ ನಿಂತರು.

"ಪೂಜಾಕ ಆಕಿನ್ನ ಕರಕೊಂಡ ಬಾ ತಂಗಿ. ಗಾಡಿ ಕಳಸತಾನ ನನ್ನ ಮಗ. ಸಂಜೀಕ ಬ್ಯಾಡ, ಮುಂಜಾನಿನ ತರಬೇಕು. ಆಕಿ ಪಾಳಿ ಮುಂಜಾನಿದು."